ವಸೂಲಾಗದ ಉದ್ರಿಯ ಲೆಕ್ಕಕ್ಕೆ ಟ್ಯಾಲಿ: ಒಂಬತ್ತು ವರ್ಷಗಳ ಬಳಕೆಯ ನಂತರ

ದಾವಣಗೆರೆಯ ನಮ್ಮ ಸಗಟು ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಒಂಬತ್ತು ವರ್ಷಗಳಿಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲೇ ಬರೆಯುತ್ತಿದ್ದೇನೆ. ನಮ್ಮ ಮಾರಾಟದ ಬಹುಪಾಲು ಉದ್ರಿಯದು. ಆದ್ದರಿಂದ ಯಾವ ಬಾಕಿ ಕೈಗೆ ಬರುತ್ತದೆ, ಯಾವುದು ಮುಳುಗುತ್ತದೆ ಎಂದು ತಿಳಿಯಲು ಅದು ಎಷ್ಟು ನೆರವಾಗಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಖಾತೆಗೆ ಬಿಲ್ಲುವಾರು ವಿವರದ ಸೌಲಭ್ಯ ಕೊಟ್ಟರೆ, ಗಿರಾಕಿಯ ಬಾಕಿ ಯಾವ ಬಿಲ್ಲಿನದು, ಎಷ್ಟು ದಿನದ್ದು ಎಂಬುದು ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಮೊದಲ ಎರಡು ವರ್ಷ ನಾವೇ ಇದನ್ನು ಕೆಡಿಸಿಕೊಂಡಿದ್ದೆವು. ಬಂದ ಹಣವನ್ನು ಇಂಥ ಬಿಲ್ಲಿಗೆಂದು ಹೊಂದಿಸದೆ 'ಆನ್ ಅಕೌಂಟ್' ಎಂದು ಜಮಾ ಮಾಡುತ್ತಿದ್ದುದರಿಂದ, ತೀರಿದ ಬಿಲ್ಲುಗಳೂ ಹಳೆಯ ಬಾಕಿಯಾಗಿಯೇ ನಿಂತಿದ್ದವು. ಆ ಪಟ್ಟಿಯನ್ನು ನಂಬಿ ಹಿರಿಯ ಗಿರಾಕಿಯೊಬ್ಬರಿಗೆ ನೋಟಿಸು ಕಳುಹಿಸಿದೆ. ಅವರು ಮರುದಿನ ಬಂದು, ರಬ್ಬರ್ ಬ್ಯಾಂಡ್ ಬಿಚ್ಚಿ, ನಮ್ಮದೇ 11 ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, "ಇದ್ರಾಗ ಯಾವ ಬಿಲ್ಲು ಬಾಕಿ ಐತಿ, ನೀವ ತೋರಿಸ್ರಿ" ಎಂದರು. ಕ್ಷಮೆ ಕೇಳಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ಪ್ರತಿ ರಸೀದಿಯನ್ನೂ ಬಿಲ್ಲಿಗೆ ಹೊಂದಿಸಿಯೇ ಬರೆಯುತ್ತೇವೆ. ನಿಜವಾಗಿ ಮುಳುಗಿದ ಬಾಕಿ ಕಣ್ಣಿಗೆ ಬಿದ್ದದ್ದೂ ಆಮೇಲೆಯೇ.

ಮಾರ್ಚ್ ಕೊನೆಗೆ, ಬಾಕಿ ಎಷ್ಟು ದಿನದ್ದೆಂದು ತೋರಿಸುವ ಈ ವಯಸ್ಸುವಾರು ಪಟ್ಟಿಯಿಂದಲೇ ಸಂಶಯಾಸ್ಪದ ಸಾಲದ ಮೀಸಲು, ಅಂದರೆ ಬಾರದೆ ಹೋಗಬಹುದಾದ ಬಾಕಿಗೆಂದು ಲೆಕ್ಕದಲ್ಲಿ ಮುಂಚೆಯೇ ತೆಗೆದಿಡುವ ಮೊತ್ತ, ಕಟ್ಟುತ್ತೇವೆ. ಒಂದು ವರ್ಷದ ಲೆಕ್ಕ ಹೇಳುವುದಾದರೆ, 90 ದಿನದೊಳಗಿನ ₹12,00,000ಕ್ಕೆ ಶೇ 1, 180 ದಿನದವರೆಗಿನ ₹3,00,000ಕ್ಕೆ ಶೇ 5, ವರ್ಷದೊಳಗಿನ ₹1,00,000ಕ್ಕೆ ಶೇ 20, ಅದಕ್ಕೂ ಹಳೆಯ ₹80,000ಕ್ಕೆ ಶೇ 50ರಂತೆ ಒಟ್ಟು ₹87,000 ಬೇಕಾಗಿತ್ತು. ಹಿಂದಿನ ₹60,000 ಮೀಸಲಿನಲ್ಲಿ ₹25,000ದ ಬಾಕಿಯನ್ನು ವಜಾ ಮಾಡಿ (ಇನ್ನು ಬಾರದೆಂದು ಪುಸ್ತಕದಿಂದ ತೆಗೆದು) ₹35,000 ಉಳಿದಿದ್ದರಿಂದ, ಆ ವರ್ಷದ ಲಾಭ-ನಷ್ಟ ಖಾತೆಗೆ ಖರ್ಚಾಗಿ ಹೋದದ್ದು ₹52,000. ಶೇಕಡಾವಾರು ನಮ್ಮ ಹಳೆಯ ವಸೂಲಿಯ ಅನುಭವದಿಂದ ಬಂದದ್ದು. ಅದನ್ನು ನಾವೇ ತೀರ್ಮಾನಿಸಿ ಜರ್ನಲ್ ವೋಚರ್ (ನಗದಿಲ್ಲದ ಹೊಂದಾಣಿಕೆಯ ನಮೂದು) ಹಾಕಬೇಕು. ವಜಾ ಮಾಡುವಾಗಲೂ ಆಯಾ ಬಿಲ್ಲನ್ನೇ ಆರಿಸಬೇಕು, ಇಲ್ಲದಿದ್ದರೆ ಅದು ಬಾಕಿ ಪಟ್ಟಿಯಿಂದ ಇಳಿಯುವುದಿಲ್ಲ.

ಆದಾಯ ತೆರಿಗೆಯ ದಾರಿ ಬೇರೆ. ನಮ್ಮಂಥ ವ್ಯಾಪಾರಿಗಳಿಗೆ ಮೀಸಲಿಗೆ ವಿನಾಯಿತಿ ಇಲ್ಲ, ಪುಸ್ತಕದಲ್ಲಿ ವಜಾ ಮಾಡಿದ ಬಾಕಿಗೆ ಮಾತ್ರ ಉಂಟು. ಹಾಗಾಗಿ ಆಡಿಟರ್ ₹52,000ವನ್ನು ಆದಾಯಕ್ಕೆ ಮರಳಿ ಸೇರಿಸಿ ₹25,000 ಕಳೆದರು. ಸಾಲ ಮುಳುಗಿದೆಯೆಂದು ಪ್ರತ್ಯೇಕವಾಗಿ ಸಾಬೀತು ಮಾಡಬೇಕಿಲ್ಲ, ವಜಾ ಮಾಡಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಜಿಎಸ್‌ಟಿಯಲ್ಲಿ ಈ ನೆರವೂ ಇಲ್ಲ. ₹1,18,000ದ ಬಿಲ್ಲು ಮುಳುಗಿದರೆ, ಅದರಲ್ಲಿ ನಾವು ಸರ್ಕಾರಕ್ಕೆ ಕಟ್ಟಿದ ₹18,000 ತೆರಿಗೆಯೂ ಹೋದಂತೆಯೇ. ಸಣ್ಣ ವ್ಯಾಪಾರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬಾಕಿಯ ದಾವೆಗೆ ಮೂರು ವರ್ಷದ ಕಾಲಮಿತಿ ಇರುವುದರಿಂದ, ಪ್ರತಿ ಏಪ್ರಿಲ್‌ನಲ್ಲಿ ಖಾತೆಯ ಪ್ರತಿ ತೆಗೆದು, ಬಾಕಿಯನ್ನು ಒಪ್ಪಿದ್ದಕ್ಕೆ ಗಿರಾಕಿಯಿಂದ ಸಹಿ ಪಡೆಯುತ್ತೇವೆ. ಅವಧಿಯೊಳಗೆ ಹಾಕಿದ ಆ ಸಹಿಯ ದಿನದಿಂದ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ. ವಜಾ ಮಾಡಿದ ಗಿರಾಕಿಯ ಖಾತೆಯನ್ನೂ ಅಳಿಸುವುದಿಲ್ಲ. ಹಾಗೆ ಉಳಿಸಿದ್ದ ಖಾತೆಯೊಂದರ ಗಿರಾಕಿ ಎರಡು ವರ್ಷದ ನಂತರ ತಾವಾಗಿಯೇ ಬಂದು ₹10,000 ಕೊಟ್ಟರು. ಅದನ್ನು ಆ ವರ್ಷದ ಆದಾಯವೆಂದು ಬರೆದು, ಹಳೆಯ ಬಿಲ್ಲಿನ ಸಂಖ್ಯೆ ನಮೂದಿಸಿಯೇ ರಸೀದಿ ಕೊಟ್ಟೆ.