ಒಂದೇ ಕೋಣೆ, ಎರಡು ಗ್ರಾಫಿಕ್ಸ್ ಕಾರ್ಡ್: ಮೂರು ವರ್ಷ ಬಳಸಿದ ಮೇಲೆ ಎನ್ವಿಡಿಯಾ ಮತ್ತು ಎಎಂಡಿ

2022ರ ಕೊನೆಯಲ್ಲಿ ನಾನೂ ನನ್ನ ತಮ್ಮನೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದೇ ದಿನ, ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡ್ ತಂದೆವು. ನನ್ನದು ಎಎಂಡಿಯ ಆರ್‌ಎಕ್ಸ್ 6700 ಎಕ್ಸ್‌ಟಿ, 12 ಜಿಬಿ. ಅವನದು ಎನ್ವಿಡಿಯಾದ ಆರ್‌ಟಿಎಕ್ಸ್ 3060 ಟಿಐ, 8 ಜಿಬಿ. ಆ ಸೆಪ್ಟೆಂಬರ್‌ನಲ್ಲಷ್ಟೇ ಇಂಥ ಕಾರ್ಡ್ ಬಳಸಿ ಕ್ರಿಪ್ಟೋ ನಾಣ್ಯ ಗಳಿಸುವ ಎಥೀರಿಯಂ ಮೈನಿಂಗ್ ನಿಂತಿತ್ತು. ಅಷ್ಟು ದಿನ ಮುಟ್ಟಲಾಗದಷ್ಟು ಏರಿದ್ದ ಬೆಲೆ ಇಳಿದಿತ್ತು. ಎರಡೂ 40 ಸಾವಿರದ ಆಸುಪಾಸಿಗೆ ಸಿಕ್ಕವು. ಅಂದಿನಿಂದ ದಾವಣಗೆರೆಯ ನಮ್ಮ ಮನೆಯ ಒಂದೇ ಕೋಣೆಯಲ್ಲಿ, ಅಕ್ಕಪಕ್ಕದ ಮೇಜಿನ ಮೇಲೆ, 1440ಪಿ (ಅಂದರೆ ಚಿತ್ರದಲ್ಲಿ 1440 ಸಾಲು ಚುಕ್ಕೆ ಇರುವ) ಮಾನಿಟರ್‌ಗಳಿಗೆ ಜೋಡಿಸಿ ಓಡಿಸುತ್ತಿದ್ದೇವೆ.

ಬರೀ ವೇಗದ ಮಾತಾದರೆ ಹೇಳುವುದು ಜಾಸ್ತಿ ಇಲ್ಲ. ಒಂದು ಆಟದಲ್ಲಿ ನನ್ನದು ಸ್ವಲ್ಪ ಮುಂದೆ, ಇನ್ನೊಂದರಲ್ಲಿ ಅವನದು. ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವ ರೇ ಟ್ರೇಸಿಂಗ್ ಹಾಕಿದರೆ ಮಾತ್ರ ಅವನದೇ ಮೇಲು. ಇಷ್ಟನ್ನು ಮೊದಲ ವಾರದ ಯಾವ ವಿಮರ್ಶೆಯಾದರೂ ಹೇಳುತ್ತದೆ. ಕಾರ್ಡ್ ಹಳೆಯದಾದಂತೆ ಏನಾಗುತ್ತದೆ ಅನ್ನುವುದು ಬಳಸಿದ ಮೇಲೆಯೇ ಗೊತ್ತಾಗುವುದು.

ಮೊದಲು ಕಾರ್ಡಿನ ಮೆಮೊರಿ, ಅಂದರೆ ಆ 8 ಜಿಬಿ, 12 ಜಿಬಿ ಲೆಕ್ಕ. 2023ರ ಮಾರ್ಚ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ 8 ಜಿಬಿ ಕಾರ್ಡ್ ಇದ್ದವರೆಲ್ಲ ಪರದಾಡಿದ್ದು ನೆನಪಿದೆ ಅಲ್ವಾ? ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ವಿವರ) ಮಟ್ಟ ಇಳಿಸಿದರೆ ಗೋಡೆ, ಬಟ್ಟೆ ಎಲ್ಲ ಕಲಸಿದ ಹಾಗೆ ಕಾಣುತ್ತಿದ್ದವು. ಆಮೇಲೆ ಬಂದ ಅಪ್‌ಡೇಟ್‌ಗಳಲ್ಲಿ ಅದು ಬಹಳಷ್ಟು ಸರಿಹೋಯಿತು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ ಬಿದ್ದಿದೆ. ಹೊಸ ಆಟ ಬಂದರೆ ನಾನು ಟೆಕ್ಸ್ಚರ್ ಅನ್ನು ಮೇಲಿನ ಮಟ್ಟದಲ್ಲಿ ಇಟ್ಟು ಮರೆತುಬಿಡುತ್ತೇನೆ. ತಮ್ಮ ಒಂದು ಮೆಟ್ಟಿಲು ಇಳಿಸುತ್ತಾನೆ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟದಲ್ಲೂ ಹಾಗೇ ಆಯಿತು.

ಮೆಮೊರಿ ತುಂಬಿದರೆ ಆಟವೇ ನಿಂತುಹೋಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಬಹಳ ಸಲ ಹಾಗಾಗುವುದಿಲ್ಲ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಇರುತ್ತದೆ. ಆದರೆ ತನ್ನಲ್ಲಿ ಹಿಡಿಸದ್ದನ್ನು ಕಾರ್ಡ್ ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕು, ಆ ದಾರಿ ನಿಧಾನ. ಓಡುತ್ತಾ ಬಂದು ಗಕ್ಕನೆ ತಿರುಗಿದರೆ ಚಿತ್ರ ಒಂದು ಕ್ಷಣ ತಡವರಿಸುತ್ತದೆ. ಇಲ್ಲವೇ ಎದುರಿನ ಮುಖ ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುತ್ತದೆ. ಗ್ರಾಫ್‌ನಲ್ಲಿ ಇದು ಸಣ್ಣ ಗೀಟು. ಆಡುವವನಿಗೆ ಅದೇ ದೊಡ್ಡ ಕಿರಿಕಿರಿ.

ಹಾಗಾದರೆ ಎಎಂಡಿಯೇ ಗೆದ್ದಿತಾ? ಇಲ್ಲ. ಅಪ್‌ಸ್ಕೇಲಿಂಗ್ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. 1440ಪಿ ಮಾನಿಟರ್‌ನಲ್ಲಿ ಅದರ ಕ್ವಾಲಿಟಿ ಮೋಡ್ ಹಾಕಿದರೆ ಆಟ ಒಳಗೆ 960ಪಿಯಲ್ಲಿ ಚಿತ್ರ ಬಿಡಿಸಿ, ಅದನ್ನು ಹಿಗ್ಗಿಸಿ ತೋರಿಸುತ್ತದೆ. ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಈ ಕೆಲಸಕ್ಕೆ ಎಐ ಬಳಸುತ್ತದೆ, ಅದಕ್ಕೆಂದೇ ಕಾರ್ಡ್‌ನಲ್ಲಿ ಬೇರೆ ಭಾಗವಿದೆ. ಎಎಂಡಿಯ ಎಫ್‌ಎಸ್‌ಆರ್ 2 ಎಐ ಇಲ್ಲದೆ ಮಾಡುತ್ತದೆ. ಒಂದು ಭಾನುವಾರ ಸೈಬರ್‌ಪಂಕ್ 2077 ಆಟದಲ್ಲಿ ನಾವಿಬ್ಬರೂ ಒಂದೇ ತಂತಿಬೇಲಿಯ ಮುಂದೆ ನಿಂತು, ನಿಧಾನಕ್ಕೆ ಪಕ್ಕಕ್ಕೆ ನಡೆದು ನೋಡಿದೆವು. ನನ್ನ ಪರದೆಯಲ್ಲಿ ಬೇಲಿಯ ಸಣ್ಣ ಕಣ್ಣುಗಳು ಮಿಣಮಿಣ ಅನ್ನುತ್ತಿದ್ದವು. ತಮ್ಮನ ಪರದೆಯಲ್ಲಿ ತಂತಿ ತಂತಿಯಾಗಿಯೇ ಉಳಿದಿತ್ತು. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಕೂದಲು, ಎಲೆ, ವಿದ್ಯುತ್ ತಂತಿ ಎಲ್ಲ ಕಡೆ ಅದೇ ಕಾಣುತ್ತದೆ.

2025ರ ಜನವರಿಯಲ್ಲಿ ಈ ಅಂತರ ಇನ್ನೂ ಹೆಚ್ಚಿತು. ಡಿಎಲ್‌ಎಸ್‌ಎಸ್ 4ರ ಹೊಸ ಎಐ ಮಾದರಿ ಬಂತು, ಅದನ್ನು 2018ರ ಆರ್‌ಟಿಎಕ್ಸ್ 20 ಸರಣಿಗೂ ಕೊಟ್ಟರು. ತಮ್ಮ ಒಂದು ಸಂಜೆ ಅಪ್‌ಡೇಟ್ ಹಾಕಿಕೊಂಡ, ಅಷ್ಟೇ. ಅದೇ ಹಳೆಯ ಕಾರ್ಡ್‌ನಲ್ಲಿ ಚಿತ್ರ ಇನ್ನಷ್ಟು ಚೂಪಾಯಿತು. ಎಎಂಡಿಯೂ ಮಾರ್ಚ್‌ನಲ್ಲಿ ಎಐ ಬಳಸುವ ಎಫ್‌ಎಸ್‌ಆರ್ 4 ತಂದಿತು, ಗುಣಮಟ್ಟದಲ್ಲಿ ಅದು ದೊಡ್ಡ ಜಿಗಿತ. ಆದರೆ ಬಿಡುಗಡೆಯಾದಾಗ ಅದು ಹೊಸ ಆರ್‌ಎಕ್ಸ್ 9000 ಸರಣಿಗೆ ಮಾತ್ರ. ನನಗೆ ಮೆಮೊರಿ ಬೇಕಾದಷ್ಟಿದೆ, ಒಳ್ಳೆ ಅಪ್‌ಸ್ಕೇಲಿಂಗ್ ಇಲ್ಲ. ಅವನಿಗೆ ಅಪ್‌ಸ್ಕೇಲಿಂಗ್ ಇದೆ, ಮೆಮೊರಿ ಸಾಲದು. ಮೂರು ವರ್ಷದಲ್ಲಿ ನಮಗೆ ತಿಳಿದ ದೊಡ್ಡ ವಿಷಯ ಇದೇ.

"ಎಎಂಡಿ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸರಿಯಿಲ್ಲ" ಅನ್ನುವ ಮಾತನ್ನು ಅಂಗಡಿಯವರು ಇವತ್ತಿಗೂ ಹೇಳುತ್ತಾರೆ. 2019ರಲ್ಲಿ ಬಂದ ಆರ್‌ಎಕ್ಸ್ 5700 ಕಾರ್ಡ್‌ಗಳ ಕಪ್ಪು ಪರದೆ ತೊಂದರೆಯಿಂದ ಆ ಹೆಸರು ಗಟ್ಟಿಯಾಯಿತು. ನನ್ನ ಅನುಭವ ಬೇರೆ. ಮೂರು ವರ್ಷದಲ್ಲಿ ಡ್ರೈವರ್ ಕಾರಣಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. 2025ರ ಆರಂಭದಲ್ಲಿ ಕಪ್ಪು ಪರದೆ ಸರಿಪಡಿಸಲು ಮೇಲಿಂದ ಮೇಲೆ ಡ್ರೈವರ್ ಬಿಟ್ಟದ್ದು ಎನ್ವಿಡಿಯಾ.

ಕರೆಂಟ್ ವಿಷಯ ನಮ್ಮೂರಿನವರಿಗೆ ಮುಖ್ಯ. ನನ್ನ ಕಾರ್ಡ್ 230 ವಾಟ್, ತಮ್ಮನದು 200. ನನ್ನ ಹತ್ತಿರ ಮೊದಲು ಇದ್ದದ್ದು 600 ವಿಎ ಯುಪಿಎಸ್. ಆಟದ ಮಧ್ಯೆ ಕರೆಂಟ್ ಹೋದರೆ ಒಂದು ಸಲ ಕೀಂಯ್ ಅಂದು ಎಲ್ಲವೂ ಆರಿಹೋಗುತ್ತಿತ್ತು. ಅಂಥ ಯುಪಿಎಸ್ ತಡೆಯುವುದು ಸುಮಾರು 360 ವಾಟ್, ಪ್ರೊಸೆಸರ್ ಮತ್ತು ಮಾನಿಟರ್ ಸೇರಿದರೆ ಎಲ್ಲಿ ಸಾಕಾಗುತ್ತದೆ? 1100 ವಿಎ ತಂದೆ. ಜೊತೆಗೆ ಎಎಂಡಿಯದೇ ಅಡ್ರಿನಲಿನ್ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿಸಿದೆ. ಎಫ್‌ಪಿಎಸ್ ಕಡಿಮೆಯಾದದ್ದು ಗೊತ್ತೇ ಆಗಲಿಲ್ಲ, ಏಪ್ರಿಲ್‌ನ ಬಿಸಿಲಲ್ಲೂ ಫ್ಯಾನ್ ಸದ್ದು ಇಳಿಯಿತು. ಇದಕ್ಕೆ ಬೇರೆ ಸಾಫ್ಟ್‌ವೇರ್ ಹಾಕಬೇಕಾಗಿಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದದ್ದು.

ಇನ್ನೊಂದು ಮಾತು. ಎನ್ವಿಡಿಯಾ, ಎಎಂಡಿ ಮುಖ್ಯವಾಗಿ ಕೊಡುವುದು ಚಿಪ್. ನಮ್ಮ ಕೈಗೆ ಬರುವ ಕಾರ್ಡ್, ಅದರ ಫ್ಯಾನ್, ವಾರಂಟಿ ಎಲ್ಲ ಸಾಮಾನ್ಯವಾಗಿ ಬೇರೆ ಕಂಪನಿಯದು. ಎರಡನೇ ಬೇಸಿಗೆಯಲ್ಲಿ ನಮ್ಮ ಒಂದು ಕಾರ್ಡಿನ ಫ್ಯಾನ್ ಕರಕರ ಅನ್ನತೊಡಗಿತು. ಸರ್ವಿಸ್‌ನಿಂದ ವಾಪಸ್ ಬರಲು ತಿಂಗಳ ಹತ್ತಿರ ಹಿಡಿಯಿತು. ಕೊಳ್ಳುವ ಮುಂಚೆ ನಿಮ್ಮ ಊರಿಗೆ ಹತ್ತಿರ ಯಾರ ಸರ್ವಿಸ್ ಸೆಂಟರ್ ಇದೆ ಅಂತ ಕೇಳಿಕೊಳ್ಳಿ, ಬಿಲ್ ಜೋಪಾನ ಮಾಡಿ.

ಬ್ಲೆಂಡರ್‌ನಂಥ 3ಡಿ ಸಾಫ್ಟ್‌ವೇರ್‌ನ ಕೆಲಸ ಇದ್ದರೆ ಸುಮ್ನೆ ಎನ್ವಿಡಿಯಾ ತಗೊಳ್ಳಿ. ಲಿನಕ್ಸ್ ಬಳಸುವವರಿಗೆ ಎಎಂಡಿ ಸಲೀಸು. ಇಂಟೆಲ್‌ನ ಆರ್ಕ್ ಬಿ580 ಕೂಡ 12 ಜಿಬಿ ಕೊಡುತ್ತದೆ, ಆದರೆ ಹಳೆಯ ಪ್ರೊಸೆಸರ್ ಜೊತೆ ಅದನ್ನು ಹಾಕಬೇಡಿ.

ಈಗಿನ ಹೊಸ ಕಾರ್ಡ್‌ಗಳಲ್ಲಿ ಎರಡೂ ಕಡೆಯ ಕೊರತೆ ನೀಗಿದೆ. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ 16 ಜಿಬಿಯಲ್ಲಿ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಗೆ 16 ಜಿಬಿಯೂ ಇದೆ, ಎಫ್‌ಎಸ್‌ಆರ್ 4 ಕೂಡ ಇದೆ. ಆದರೆ ಎರಡೂ ಕಂಪನಿಗಳು ಅದೇ ಹೆಸರಿನಲ್ಲಿ 8 ಜಿಬಿ ಕಾರ್ಡ್ ಕೂಡ ಮಾರುತ್ತಿವೆ. ಹೊಸದಾಗಿ ಕೊಳ್ಳುವವರನ್ನು ದಾರಿ ತಪ್ಪಿಸುವ ಹೆಸರಿದು, ನನಗೆ ಇದು ಸರಿ ಕಾಣುವುದಿಲ್ಲ. ಕಳೆದ ವಾರ ಪರಿಚಯದ ಹುಡುಗನೊಬ್ಬ ಕಡಿಮೆ ರೇಟಿಗೆ ಸಿಕ್ಕಿತು ಅಂತ ಬಾಕ್ಸ್‌ನ ಫೋಟೊ ಕಳಿಸಿದ್ದ. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ 8 ಜಿಬಿ ಅಂತ ಇತ್ತು. ಸೀಲ್ ಒಡೆದಿರಲಿಲ್ಲ, ಅಂಗಡಿಯವರು ಬದಲಿಸಿ ಕೊಟ್ಟರು.