ಮೊಬೈಲಿಗೆ ಹಾಕುವ ಮ್ಯಾಕ್ರೊ ಲೆನ್ಸ್: ನೀಲಿ ಪಾತರಗಿತ್ತಿಗೆ ಆಗುತ್ತಾ?

ನಾನು ಹುಬ್ಬಳ್ಳಿಯಲ್ಲಿ ವಾಚ್ ರಿಪೇರಿ ಮಾಡುತ್ತೇನೆ. ದಿನವೆಲ್ಲ ಒಂದು ಕಣ್ಣಿಗೆ ಐ ಗ್ಲಾಸ್, ಅಂದರೆ ಪುಟ್ಟ ಭೂತಗನ್ನಡಿ, ಇರುತ್ತೆ. ಹಾಗಾಗಿ ಲೆನ್ಸ್ ಅಂದ ಕೂಡಲೇ ಡಬ್ಬಿ ಮೇಲಿನ ಮಾತು ನಂಬೋದಿಲ್ಲ, ಗಾಜು ನೋಡುತ್ತೇನೆ.

ಕೊಪ್ಪಿಕರ್ ರಸ್ತೆಯಲ್ಲಿ ಸಿಕ್ಕಿದ್ದು ಇದು. ಮೊಬೈಲ್ ಕ್ಯಾಮೆರಾ ಮೇಲೆ ಕ್ಲಿಪ್ ಹಾಕಿ ಕೂರಿಸುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಅಂದರೆ ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಗಾಜು, ಬೆಲೆ 1,400 ರೂಪಾಯಿ. ಹೆಸರು ಬರೆಯೋದಿಲ್ಲ. ಇದೇ ಮಾಲು ನಾಲ್ಕೈದು ಹೆಸರಲ್ಲಿ ಬರುತ್ತೆ, ಡಬ್ಬಿ ಮಾತ್ರ ಬೇರೆ. ಪಕ್ಕದಲ್ಲೇ 15 ಎಕ್ಸ್, ಅಂದರೆ 15 ಪಟ್ಟು ದೊಡ್ಡದು ಮಾಡುತ್ತೆ ಅಂತ ಬರೆದದ್ದು ಅರ್ಧ ಬೆಲೆಗೆ ಇತ್ತು. ಅಂಗಡಿಯವರು ಅದನ್ನೇ ಮುಂದೆ ಇಟ್ಟರು, "ಇದ್ರಾಗ ಜಾಸ್ತಿ ದೊಡ್ಡದು ಕಾಣ್ತೈತ್ರಿ ಅಣ್ಣಾರ" ಅಂದರು. ಕಾಣುತ್ತೆ, ಸುಳ್ಳಲ್ಲ. ಆದರೆ ಎಕ್ಸ್ ಜಾಸ್ತಿ ಆದಷ್ಟೂ ಹತ್ತಿರ ಹೋಗಬೇಕು. ನನ್ನ 10 ಎಕ್ಸ್ ಐ ಗ್ಲಾಸಿಗೇ ವಾಚ್ ಒಂದು ಇಂಚಿನಲ್ಲಿ ಇರಬೇಕು. ವಾಚ್ ಓಡಿಹೋಗೋದಿಲ್ಲ. ಪಾತರಗಿತ್ತಿ ಕಾಯುತ್ತಾ? 100 ಮಿ.ಮೀ. ಲೆನ್ಸಿನಲ್ಲಿ ಆರೇಳು ಸೆಂಟಿಮೀಟರ್ ದೂರ ಸಿಗುತ್ತೆ. ಆ ನಾಲ್ಕು ಬೆರಳಿನ ಜಾಗಕ್ಕೇ ದುಡ್ಡು ಕೊಡಬೇಕು.

ಕೊಳ್ಳುವ ಮೊದಲು ಎಚ್‌ಎಂಟಿ ಜನತಾ ವಾಚಿನ ಡಯಲ್ ಮೇಲೆ ಹಿಡಿದು ನೋಡಿದೆ. ನಡುವೆ ಅಕ್ಷರ ಚೊಕ್ಕ. ಅಂಚಿನ ನಿಮಿಷದ ಗೆರೆಗಳ ಸುತ್ತ ನೇರಳೆ ಬಣ್ಣ ಸೋರುತ್ತೆ. ಈ ಬೆಲೆಗೆ ಅಷ್ಟು ಇರೋದೇ. ನೋಡಬೇಕಾದ್ದನ್ನು ನಡುವೆ ಇಟ್ಟುಕೊಂಡರಾಯಿತು.

ನಿಜವಾದ ಪರೀಕ್ಷೆ ಕಲಘಟಗಿ ದಾಟಿ, ಯಲ್ಲಾಪುರದ ಹತ್ತಿರ ಅಕ್ಕನ ಮನೆ ಹಿಂದಿನ ಹಳ್ಳದಲ್ಲಿ. ಅಲ್ಲಿ ಕಾಮನ್ ಸೆರೂಲಿಯನ್ ಅನ್ನುವ ಪುಟ್ಟ ನೀಲಿ ಪಾತರಗಿತ್ತಿ ಬರುತ್ತೆ, ರೆಕ್ಕೆ ಬಿಚ್ಚಿದರೆ ಮೂರು ಸೆಂಟಿಮೀಟರ್ ಆಸುಪಾಸು. ನಮ್ಮ ಕಾಡುಗಳಿಂದ ಹಿಡಿದು ಆಗ್ನೇಯ ಏಷ್ಯಾದ ಮಳೆಕಾಡಿನವರೆಗೂ ಇದೆ. ಒದ್ದೆ ಮರಳಿನಲ್ಲಿ ಕೂತು ಉಪ್ಪಿನಂಶ ಹೀರುವಾಗ ಮೈಮರೆತಿರುತ್ತೆ, ಆಗ ಹತ್ತಿರ ಹೋಗಬಹುದು. ನೆರಳು ಮಾತ್ರ ಅದರ ಮೇಲೆ ಬೀಳಬಾರದು.

ತೊಂದರೆ ಏನೆಂದರೆ, ಕೂತ ಕೂಡಲೇ ರೆಕ್ಕೆ ಮುಚ್ಚುತ್ತೆ. ನೀಲಿ ಒಳಗೆ ಹೋಯಿತು. ಹೊರಗೆ ಉಳಿಯೋದು ಬೂದುಗಂದು, ಮೇಲೆ ಬಿಳಿ ಗೆರೆಗಳು. ಮೊದಲು ಬೇಜಾರಾಯಿತು, ಆಮೇಲೆ ಲೆನ್ಸಿನಲ್ಲಿ ಹಿಂದಿನ ರೆಕ್ಕೆಯ ಮೂಲೆ ನೋಡಿದೆ. ಕಿತ್ತಳೆ ಅಂಚಿನ ಕಪ್ಪು ಚುಕ್ಕೆ, ಅದರ ಹತ್ತಿರ ನೂಲಿನಂಥ ಬಾಲ. ಹಿಂದಿನ ರೆಕ್ಕೆಗಳನ್ನು ಮೆಲ್ಲಗೆ ಮೇಲೆ ಕೆಳಗೆ ಉಜ್ಜುತ್ತೆ, ಬಾಲ ಮೀಸೆ ಥರ ಅಲುಗುತ್ತೆ. ಹಕ್ಕಿಗೆ ಅದೇ ತಲೆ ಅನಿಸಬೇಕು, ಕುಕ್ಕಿದರೂ ರೆಕ್ಕೆಯ ಚೂರಷ್ಟೇ ಹೋಗಬೇಕು. ನಾನು ತೆಗೆದ ಒಂದು ಫೋಟೊದಲ್ಲಿ ಸರಿಯಾಗಿ ಆ ಮೂಲೆಯೇ ಹರಿದಿತ್ತು. ಬರಿಗಣ್ಣಿಗೆ ಇದೆಲ್ಲ ಸಿಗೋದಿಲ್ಲ.

ನೀಲಿ ಬೇಕೇ ಬೇಕು ಅನ್ನುವವರಿಗೆ ಈ ಲೆನ್ಸ್ ಬೇಡ. ಅದನ್ನು ಬಿಚ್ಚಿ, ಹಾರುವಾಗ ಸ್ಲೋ ಮೋಷನ್ ವಿಡಿಯೊ ಮಾಡಿ. ಬೆಳಗಿನ ಬಿಸಿಲಿಗೆ ಒಮ್ಮೊಮ್ಮೆ ರೆಕ್ಕೆ ಅರ್ಧ ತೆರೆಯುತ್ತೆ, ಆಗ ಅದೃಷ್ಟ. ಆ ನೀಲಿಯಲ್ಲಿ ಬಣ್ಣವೇ ಇಲ್ಲ, ರೆಕ್ಕೆಯ ಹುಡಿಯ ರಚನೆ ಬೆಳಕನ್ನು ಹಾಗೆ ತಿರುಗಿಸುತ್ತೆ. ಹಳೆ ಗಡಿಯಾರದ ನೀಲಿ ಮುಳ್ಳೂ ಹಾಗೇ: ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಯಿಸಿದರೆ ಮೇಲೆ ತೆಳು ಪೊರೆ ಕಟ್ಟಿ ನೀಲಿ ಬರುತ್ತೆ, ಯಾರೂ ಬಳಿದಿರೋದಿಲ್ಲ. ಇದನ್ನು ಅಕ್ಕನ ಮಗನಿಗೆ ಹೇಳಿದರೆ, "ಮಾಮಾ, ವಾಚ್ ಬಿಟ್ಟು ಪಾತರಗಿತ್ತಿ ರಿಪೇರಿ ಶುರು ಮಾಡೀರೇನ್ರಿ?" ಅಂದ.

ಲೆನ್ಸ್ ಪೂರಾ ದುಡಿದದ್ದು ಹೊಂಗೆ ಮರದಲ್ಲಿ. ಸೆರೂಲಿಯನ್ ಮೊಟ್ಟೆ ಇಡುವ ಗಿಡಗಳಲ್ಲಿ ಹೊಂಗೆಯೂ ಒಂದು, ಮುತ್ತುಗವೂ ಒಂದು. ಹೂಗೊಂಚಲಿನಲ್ಲಿ ಇರುವೆಗಳು ಸುಮ್ನೆ ಸುತ್ತುತ್ತಿದ್ದರೆ ಅಲ್ಲಿ ಹುಡುಕಿ. ನೀಲಿ ಪಾತರಗಿತ್ತಿಗಳ ಚಪ್ಪಟೆ ಹುಳು ಸಿಗಬಹುದು. ಇರುವೆ ಮೀಸೆಯಿಂದ ತಟ್ಟುತ್ತೆ, ಹುಳು ಬೆನ್ನಿನಿಂದ ಒಂದು ಸಿಹಿ ಹನಿ ಬಿಡುತ್ತೆ, ಇರುವೆ ಕುಡಿದು ಕಾವಲು ನಿಲ್ಲುತ್ತೆ. ಹುಳು ಅಷ್ಟು ಅಲುಗಾಡೋದಿಲ್ಲ, ಫೋಕಸ್ ಮಾಡಲು ಸಮಯ ಸಿಗುತ್ತೆ.

ಎರಡು ಮಾತು ಬಳಸುವವರಿಗೆ. ಮೊಬೈಲಿನ ಆಟೋ ಮ್ಯಾಕ್ರೊ (ಹತ್ತಿರ ಹೋದಾಗ ತಾನೇ ಕ್ಯಾಮೆರಾ ಬದಲಿಸುವ ಸೆಟ್ಟಿಂಗ್) ಬಂದ್ ಮಾಡಿ, ಇಲ್ಲದಿದ್ದರೆ ಹತ್ತಿರ ಹೋದ ಕೂಡಲೇ ಅದು ಪಕ್ಕದ ಕ್ಯಾಮೆರಾಕ್ಕೆ ಜಿಗಿದು ಪರದೆ ಕಪ್ಪಾಗುತ್ತೆ. ಕವರ್ ತೆಗೆದೇ ಕ್ಲಿಪ್ ಹಾಕಿ. ಫೋಕಸ್ ತುಂಬಾ ತೆಳು: ಕಣ್ಣು ಸ್ಪಷ್ಟವಾದರೆ ಬಾಲ ಮಸುಕು. ರೆಕ್ಕೆಗೆ ಅಡ್ಡಡ್ಡ ನಿಂತರೆ ಎರಡೂ ಬರುತ್ತವೆ.

ಗಾಜಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ, ಕ್ಲಿಪ್ಪಿಗೆ ಒಂದು. ಅದರ ರಬ್ಬರ್ ತಿಂಗಳೊಳಗೆ ಕಿತ್ತು ಬಂದು ಮೊಬೈಲಿನ ಹಿಂಭಾಗ ಗೀಚಿತು. ಅಂಗಡಿಯಲ್ಲಿ ಕೇಳಿದರೆ ಕ್ಲಿಪ್ಪಿಗೆ ವಾರಂಟಿ ಇಲ್ಲವಂತೆ. ಈಗ ಹಳೆ ವಾಚ್ ಬೆಲ್ಟಿನ ಚರ್ಮ ಕತ್ತರಿಸಿ ಅಂಟಿಸಿದ್ದೇನೆ, ಗಟ್ಟಿಯಾಗಿದೆ.