ಮೂರು ಮಳೆಗಾಲ ಓಡಿಸಿದ ಹಳೇ ಡೀಸೆಲ್ ಹುಲ್ಲು ಮಷೀನ್: ನನ್ನ ಅನುಭವ

ಧಾರವಾಡದ ಕೆಲಗೇರಿ ಆಚೆ ನಮ್ಮದು ನಾಲ್ಕು ಎಕರೆ ಮಾವಿನ ತೋಟ, ಎಲ್ಲ ಆಪೂಸು. ಜೂನ್ ಮಳೆ ಹಿಡಿದರೆ ಸಾಕು, ಕರಕಿ, ಕಾಂಗ್ರೆಸ್ ಕಸ ಎಲ್ಲಾ ಮೊಣಕಾಲಿಗೆ ಬರುತ್ತದೆ. ಮೊದಲು ಇಬ್ಬರು ಆಳು ಹೆಗಲ ಮೇಲೆ ಬ್ರಷ್ ಕಟರ್ ಹಾಕಿಕೊಂಡು ಈ ತುದಿಯಿಂದ ಹೊಡೆಯುತ್ತಾ ಆ ತುದಿ ಮುಟ್ಟುವಷ್ಟರಲ್ಲಿ ಈ ಕಡೆ ಮತ್ತೆ ಎದ್ದಿರುತ್ತಿತ್ತು. ಅದಕ್ಕೇ ಮೂರು ವರ್ಷದ ಹಿಂದೆ ಕೂತು ಓಡಿಸುವ ಡೀಸೆಲ್ ಮೋವರ್ ತಂದೆ, ಸೆಕೆಂಡ್ ಹ್ಯಾಂಡ್, 2.6 ಲಕ್ಷ. ಮೂರು ಸಿಲಿಂಡರ್, 48 ಇಂಚಿನ ಡೆಕ್ (ಬ್ಲೇಡ್ ಮೇಲಿನ ತಗಡಿನ ಮುಚ್ಚಳ), ಹೈಡ್ರೋಸ್ಟಾಟಿಕ್ ಗೇರ್, ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವಂಥದ್ದು. ಆಗ ಮೀಟರ್‌ನಲ್ಲಿ 1,140 ಗಂಟೆ ಇತ್ತು, ಈಗ 1,420.

ಎಂಜಿನ್ ಬಗ್ಗೆ ಒಂದು ತಕರಾರೂ ಇಲ್ಲ. ಗಿಡ ಸುತ್ತಿ ಸುತ್ತಿ ಹೊಡೆದರೂ ಗಂಟೆಗೆ ಒಂದು ಎಕರೆ ಮುಗಿಯುತ್ತದೆ, ಎರಡೂವರೆ ಲೀಟರ್ ಡೀಸೆಲ್ ಸಾಕು. ನಾನು ಮೋಸ ಹೋಗಿದ್ದು ಬೇರೆ ಕಡೆ.

ಮಾರುವವರಿಗೆ ಮೊದಲೇ ಫೋನ್ ಮಾಡಿ "ನಾ ಬರೂತನಕ ಚಾಲೂ ಮಾಡಬ್ಯಾಡ್ರಿ" ಅಂದಿದ್ದೆ. ಬಿಸಿ ಎಂಜಿನ್ ಹೇಗಿದ್ದರೂ ಹತ್ತುತ್ತದೆ, ಅಲ್ವಾ? ಹೋಗಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಗ್ಲೋ ಪ್ಲಗ್ (ತಣ್ಣಗಿರುವ ಡೀಸೆಲ್ ಎಂಜಿನ್ ಒಳಗೆ ಬಿಸಿ ಮಾಡುವ ಕಡ್ಡಿ) ಕಾಯಿಸಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಶುರುವಾಯಿತು. ಎಂಜಿನ್ ಸವೆದಿದ್ದರೆ ಬರುವ ನೀಲಿ ಹೊಗೆ ಇಲ್ಲ, ಆಯಿಲ್ ಕ್ಯಾಪ್ ತೆಗೆದರೆ ಬುಸುಗುಡುವುದೂ ಇಲ್ಲ. ಅಲ್ಲಿಗೆ ನಾನು ಖುಷ್! ಬಗ್ಗಿ ಡೆಕ್ ಕೆಳಗೆ ನೋಡಿದರೆ ಹೊಸ ಕರಿ ಬಣ್ಣ ಹೊಳೆಯುತ್ತಿತ್ತು, ಎಷ್ಟು ಚಂದ ಇಟ್ಟಿದ್ದಾರೆ ಅಂದುಕೊಂಡೆ. ಹಸಿ ಹುಲ್ಲು ಬಡಿಯುವ ಜಾಗಕ್ಕೆ ಯಾರಾದರೂ ಸುಮ್ನೆ ಬಣ್ಣ ಹಚ್ಚುತ್ತಾರಾ? ಎರಡನೇ ಮಳೆಗಾಲದಲ್ಲಿ ಬಣ್ಣದ ಜೊತೆ ತುಕ್ಕು ಹಿಡಿದ ತಗಡೂ ಉದುರಿತು. ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪ್ ಒಂದರಲ್ಲಿ ಪ್ಲೇಟ್ ಬೆಸೆಸಿದೆ, 14 ಸಾವಿರ ಹೋಯಿತು.

ನೀವು ನೋಡಲು ಹೋದರೆ ಸ್ಕ್ರೂ ಡ್ರೈವರ್ ಹಿಡಿಯಿಂದ ಡೆಕ್ ಬಡಿದು ನೋಡಿ. ಎಂಜಿನ್ ಬಂದ್ ಮಾಡಿ, ಕೀ ತೆಗೆದು, ಬ್ಲೇಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿದರೆ ಸ್ಪಿಂಡಲ್ (ಬ್ಲೇಡ್ ತಿರುಗುವ ಅಚ್ಚು) ಬೇರಿಂಗ್ ಹೋಗಿದೆ ಅಂತ ಅರ್ಥ. ನನ್ನದರಲ್ಲಿ ಅದೂ ಹೋಗಿತ್ತು, ಆದರೆ 6205 ನಂಬರಿನದು, ಎಲ್ಲ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬ್ಲೇಡ್ ತಿರುಗಿಸುವ ಬೆಲ್ಟ್ ಹಾಗಲ್ಲ. ಅದು ಬರಲು ಒಂದೂವರೆ ತಿಂಗಳು ಕಾದೆ, ಅಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಈಗ ಎರಡು ತಂದಿಟ್ಟಿದ್ದೇನೆ. ಇನ್ನೊಂದು, ಅರ್ಧ ಗಂಟೆ ಓಡಿಸಿ ಆಮೇಲೆ ಏರು ಹತ್ತಿಸಿ. ಹೈಡ್ರೋಸ್ಟಾಟಿಕ್ ಸವೆದಿದ್ದರೂ ತಣ್ಣಗಿದ್ದಾಗ ಚೆನ್ನಾಗೇ ಹತ್ತುತ್ತದೆ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಅದರ ಬಂಡವಾಳ ಗೊತ್ತಾಗುವುದು. ನಾನು ಇದನ್ನು ನೋಡಿರಲೇ ಇಲ್ಲ, ಪುಣ್ಯಕ್ಕೆ ಸರಿ ಇತ್ತು.

ನವೆಂಬರ್‌ನಲ್ಲಿ ಹುಲ್ಲು ಒಣಗಿ ಬೀಜ ಹಾರುವಾಗ ರೇಡಿಯೇಟರ್ ಜಾಳಿಗೆ ಕಟ್ಟಿಕೊಂಡು ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ದಿನಾ ಗಾಳಿ ಹೊಡೆಯಬೇಕು, ಬೇರೆ ದಾರಿ ಇಲ್ಲ.

ಓಡಿಸುವವರು ಇಳಿದರೆ ಎಂಜಿನ್ ನಿಲ್ಲಿಸುವ, ಸೀಟಿನ ಕೆಳಗಿನ ಸ್ವಿಚ್ ಕೆಟ್ಟು ದಿಣ್ಣೆ ಬಂದಲ್ಲೆಲ್ಲ ಬಂದ್ ಬೀಳುತ್ತಿತ್ತು. ಮೆಕ್ಯಾನಿಕ್ ನೇರ ವೈರ್ ಜೋಡಿಸಿಬಿಡುತ್ತೇನೆ ಅಂದ. ಬೇಡ ಅಂದೆ. ಇಳಿದ ಕೂಡಲೇ ಬ್ಲೇಡ್ ನಿಲ್ಲಬೇಕಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ.

ಈ ಮಷೀನ್‌ಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮೊನ್ನೆ ಪಕ್ಕದ ತೋಟದ ಕಾಕಾ ಎರಡು ದಿನ ಬಾಡಿಗೆಗೆ ಕೇಳಿದರು. ಅವರ ತೋಟದ ತುಂಬ ಕಲ್ಲು. ಬೆಲ್ಟ್ ಹರಿದಿದೆ ಅಂತ ಸುಳ್ಳು ಹೇಳಿದೆ.